ಎಂಟೋ ಹದಿನಾರೋ

ಹಳೆಯ ಲ್ಯಾಪ್‌ಟಾಪಿನ ಲ ಕೀಲಿ ಸತ್ತದ್ದು
ಲಗ್ನದ ಹಂಗಾಮಿನಲ್ಲಿ.
ಒತ್ತಿದರೆ ಒತ್ತಿಸಿಕೊಳ್ಳುತ್ತಿತ್ತು,
ಏನೂ ಹೇಳುತ್ತಿರಲಿಲ್ಲ.
ಕಲಬುರಗಿ ಕಬುರಗಿಯಾಯಿತು.
ಅದೇ ಕೀಲಿಯಲ್ಲಿ ಳ ಕೂಡ ಬಾಡಿಗೆಗಿತ್ತಲ್ಲ,
ಅಫಜಲಪುರದ ಕಡೆಯವರ ಪತ್ರಿಕೆಯಲ್ಲಿ
ಹಿರಿಯ ಮಗಳು ಹಿರಿಯ ಮಗು ಆಗಿ
ನೂರೈವತ್ತು ಪ್ರತಿ ಅಚ್ಚಾದವು.
ಹೆಣ್ಣಿನ ಅಪ್ಪ ಬಂದು ಕೂತ. ಬೈಯಲಿಲ್ಲ.
"ಹಂಗೂ ಖರೇನೇ ಬಿಡ್ರಿ" ಅಂದ,
ಅರ್ಧ ರೊಕ್ಕ ಕೊಟ್ಟ.

ಆಮೇಲೆ ಎರಡು ವಾರ
ಹಳೇ ಕಡತದಿಂದ ಒಂದು ಲ ಎತ್ತಿ ತಂದು
ಬೇಕಾದಲ್ಲಿ ಅಂಟಿಸಿದೆ,
ನೆರೆಮನೆಯ ಬಟ್ಟಲ ಸಕ್ಕರೆಯ ಹಾಗೆ.

ತಹಶೀಲ ಕಚೇರಿ ಎದುರಿನ ನನ್ನ ಅಂಗಡಿ
ಆರಡಿ ಅಗಲ.
ಮೇ ತಿಂಗಳಲ್ಲಿ ಶಹಾಬಾದ ಕಲ್ಲಿನ ನೆಲವೂ
ಬಿಸಿ ಉಸಿರು ಬಿಡುತ್ತದೆ.
ಯಂತ್ರದ ಪುಟ್ಟ ಫ್ಯಾನಿನ ಬಾಯಿಗೆ ತೊಗರಿ ಹೊಟ್ಟು.
ಕರೆಂಟು, ಬೀಗರ ಹಾಗೆ, ಬಂದು ಹೋಗುತ್ತದೆ.
ಇಲ್ಲಿ ಬದುಕಬೇಕಾದ್ದನ್ನು
ಜಾಹೀರಾತಿನ ತಂಪು ಕೋಣೆಯಲ್ಲಿ ತೂಗಲಾಗದು.

ಸುಪರ್ ಮಾರ್ಕೆಟ್ಟಿನ ಹುಡುಗ ವೈಜನಾಥ
ಎರಡನ್ನು ತೆರೆದಿಟ್ಟ.
ಒಂದು ಎಂಟು ಜೀಬಿ, ಐವತ್ತೆರಡು ಸಾವಿರ,
ಮೈ ದಪ್ಪ, ಬಣ್ಣ ಬೂದಿ.
ಇನ್ನೊಂದು ಹದಿನಾರು. ಐವತ್ತೆಂಟೂವರೆ.
ಹಪ್ಪಳದಷ್ಟು ತೆಳು, ಒಂದೇ ಬೆರಳಿಗೆ ಏಳುತ್ತಿತ್ತು.
"ಹದಿನಾರೇ ತೊಗೋರಿ ಅಕ್ಕಾ,
ಐದು ವರ್ಷ ತಿರುಗಿ ನೋಡಂಗಿಲ್ಲ."

ರಸೀದಿ ಪುಸ್ತಕದ ಬೆನ್ನಿಗೆ ಲೆಕ್ಕ ಬರೆದೆ.
ಒಂದು ಅರ್ಜಿಗೆ ಮೂವತ್ತು.
ನಡುವಿನ ಆ ಆರೂವರೆ ಸಾವಿರ ಅಂದರೆ
ಇನ್ನೂರ ಹದಿನೇಳು ಅರ್ಜಿ:
ಪಹಣಿ ತಿದ್ದುಪಡಿ, ವಿಧವಾ ವೇತನ,
ಕಳೆದುಹೋದ ರೇಷನ್ ಕಾರ್ಡು.
ಐದು ವರ್ಷಕ್ಕೆ ಹಂಚಿದರೆ ಹದಿನಾರರದು
ದಿನಕ್ಕೆ ಮೂವತ್ತೆರಡು,
ಒಂದು ಅರ್ಜಿ, ಮೇಲೆರಡು ರೂಪಾಯಿ.
ಎಂಟರದು ಮೂರೇ ವರ್ಷಕ್ಕೆ ಏದುಸಿರು ಬಿಟ್ಟರೆ
ನಲವತ್ತೇಳೂವರೆ.
ಲೆಕ್ಕ ಹದಿನಾರರ ಕಡೆಗೇ ವಾಲಿತು.
ಕೈ ಮಾತ್ರ ಪರ್ಸಿಗೆ ಹೋಗಲಿಲ್ಲ.

ಖದೀರ್ ಚಾಚಾ, ನೆಲಮಾಳಿಗೆಯ ರಿಪೇರಿಯವನು,
ಕನ್ನಡಕ ಹಣೆಗೇರಿಸಿ
ಎರಡನ್ನೂ ಮಗುಚಿ ಹಾಕಿದ.
ಗಿರಾಕಿ ಯಾರೂ ನೋಡದ ಹೊಟ್ಟೆಯ ಕಡೆ ನೋಡಿದ.
"ಈ ತೆಳ್ಳಂದರಾಗ ಎಲ್ಲಾ ಬೆಸುಗಿ ಹಾಕ್ಯಾರ.
ಒಂದು ಕೆಟ್ರ ಎಲ್ಲಾ ಕೆಟ್ಟಂಗ.
ಇದಕ್ಕ ನೋಡು, ಹನ್ನೊಂದು ಸ್ಕ್ರೂ ಅವ.
ಒಳಗ ಒಂದು ಖಾಲಿ ಜಾಗ ಬಿಟ್ಟಾರ.
ಬರೋ ವರ್ಷ ರೊಕ್ಕ ಕೂಡಿದ ಮ್ಯಾಗ
ಇನ್ನೊಂದು ಎಂಟು ತಂದು ಕೂಡಿಸು.
ಲ ಹೋದ್ರ ಲ ಹಾಕಾಕ ಬರ್ತದ."

ಖಾಲಿ ಜಾಗ.
ಅವ್ವ ದರ್ಜಿಗೆ ಹೇಳುತ್ತಿದ್ದಳು
ಪ್ರತಿ ಜೂನಿಗೂ ಒಂದೇ ಮಾತು:
"ಒಳಗ ಎರಡು ಬಟ್ಟು ಅರಿವಿ ಬಿಟ್ಟು ಹೊಲಿ,
ಬೆಳಿಯೋ ಹುಡುಗಿ."
ಆ ಎರಡು ಬಟ್ಟು ಬಿಚ್ಚುತ್ತ ಬಿಚ್ಚುತ್ತ
ಏಳನೇ ತರಗತಿಯ ಕುಪ್ಪಸ ಹತ್ತನೆಯದಕ್ಕೂ ಬಂತು.
ಬಿಚ್ಚಿದ ಹೊಲಿಗೆಯ ಗೆರೆಯಲ್ಲಿ
ಮೊದಲ ದಿನದ ಹಸಿರು ಹಾಗೇ ಇರುತ್ತಿತ್ತು,
ಸುತ್ತಲದು ಮಾಸಿ.
ಆ ಹೊಸ ಬಣ್ಣವನ್ನೇ
ಸೆರಗಿಲ್ಲದ ವಯಸ್ಸಿನಲ್ಲಿ
ತೋಳು ಅಡ್ಡ ಹಿಡಿದು ಮುಚ್ಚಿಕೊಳ್ಳುತ್ತಿದ್ದೆ.

ಬೂದಿ ಬಣ್ಣದ್ದನ್ನು ಹತ್ತಿರ ಎಳೆದುಕೊಂಡೆ.
"ಮೊದಲು ನುಡಿ ಹಾಕಪ್ಪ."
ಹಾಕಿದ.
ಬೆರಳು ತಾನಾಗಿ ಆ ಕೀಲಿಗೇ ಹೋಯಿತು.
ಇಲ್ಲ. ಇಲ್ಲ. ಇಲ್ಲ. ಇಲ್ಲ.
ಪರದೆಯ ತುಂಬ, ಒಂದೂ ತಪ್ಪದೆ,
ಇಲ್ಲ.
ವೈಜನಾಥನ ಮುಖ ಸಣ್ಣದಾಯಿತು.
"ಬ್ಯಾಡೇನ್ರಿ ಅಕ್ಕಾ?"

"ಬಿಲ್ಲು ಬರಿ" ಅಂದೆ.